ಚೆಲ್ಲಿದ ಬ್ಯಾಟರಿಗೆ ಬರೀ ನೀರು ಸಾಕೇ?

ಬೀದಿಯ ಮೂಲೆಯಲ್ಲಿ ಸತ್ತ ಬ್ಯಾಟರಿಗಳಿಗೆ ಜೀವ ತುಂಬುವ ಒಂದು ಅಂಗಡಿ. ಅದರ ಯಜಮಾನನನ್ನು ಎಲ್ಲರೂ ಕರೆಯುವುದು ಬ್ಯಾಟರಿ ಮಾಮ ಎಂದೇ. ಬಂದ ಗಿರಾಕಿಗಳಿಗೆಲ್ಲ ಅವನದು ಒಂದೇ ಮಂತ್ರ: "ಬ್ಯಾಟರಿ ಬತ್ತಿದ್ರೆ ನೀರು ಹಾಕಿ. ಬರೀ ನೀರು! ಆ್ಯಸಿಡ್ ಹಾಕಿದ್ರೋ, ಕೆಟ್ರಿ." ಇಪ್ಪತ್ತು ವರ್ಷದಿಂದ ಆ ಮಾತು ಸುಳ್ಳಾಗಿರಲಿಲ್ಲ. ಒಮ್ಮೆಯೂ ಸುಳ್ಳಾಗದ ಮಾತೇ ಒಂದು ದಿನ ಮೋಸ ಮಾಡುತ್ತದೆ, ನೋಡಿ.

ಅಂಗಡಿಯ ಹಿಂದೆಯೇ ಮನೆ. ಏಳು ವರ್ಷದ ಮಗಳೊಬ್ಬಳು. ಬಾಯಿ ತೆರೆದರೆ ಪಟಪಟ, ಅದಕ್ಕೇ ಅವಳನ್ನು ಕರೆಯುವುದು ಪಟಾಕಿ ಎಂದು. ಆವತ್ತು ಬೆಳಗಿನಿಂದ ಪಟಾಕಿಗೆ ವಾಂತಿ, ಭೇದಿ. ಮಧ್ಯಾಹ್ನದ ಹೊತ್ತಿಗೆ ಮಾತೇ ಇಲ್ಲದೆ ಮಂಚಕ್ಕೆ ಅಂಟಿಕೊಂಡಿದ್ದಳು.

"ರೀ, ಮೇಲಿನ ಮನೆ ನರ್ಸಕ್ಕನ್ನ ಕರೀಲಾ?" ಎಂದಳು ಹೆಂಡತಿ.

"ನೀರು ಹೋಗಿದೆ, ನೀರು ಕೊಡ್ತಾ ಇದೀನಿ. ಇಷ್ಟಕ್ಕೆಲ್ಲ ನರ್ಸಕ್ಕ ಯಾಕೆ?"

ಕುದಿಸಿ ಆರಿಸಿದ ನೀರನ್ನು ಲೋಟದ ಮೇಲೆ ಲೋಟ ಕುಡಿಸಿದ. ಆದರೂ ಮಗು ಸೊರಗುತ್ತಲೇ ಹೋಯಿತು. ಕಾಲು ಹಿಡಿದುಕೊಂಡಿತೆಂದು ಪಟಾಕಿ ಅತ್ತಳು. ಅಳುವಿನ ದನಿ ಬಂತು, ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಹೆಂಡತಿ ಇನ್ನು ಗಂಡನ ಮಾತಿಗೆ ಕಾಯಲಿಲ್ಲ, ದಡದಡನೆ ಮೆಟ್ಟಿಲು ಹತ್ತಿದಳು.

ನರ್ಸಕ್ಕ ಬಂದವಳೇ ಮಗುವಿನ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟಳು. ಅದು ಕೂಡಲೇ ಮೊದಲಿನಂತಾಗದೆ ನಿಧಾನವಾಗಿ ಇಳಿಯಿತು. ಗುಳಿಬಿದ್ದ ಕಣ್ಣು ನೋಡಿದಳು.

"ಬೆಳಿಗ್ಗೆಯಿಂದ ಏನು ಕೊಟ್ರಿ?"

"ನೀರು."

"ಬರೀ ನೀರಾ?"

"ಮತ್ತಿನ್ನೇನು? ಇಪ್ಪತ್ತು ವರ್ಷದಿಂದ ನಾನು..."

"ಗೊತ್ತು ಬಿಡಿ, ನಿಮ್ಮ ಮಂತ್ರ ಬೀದಿಗೆಲ್ಲ ಬಾಯಿಪಾಠ." ಕೈ ತೊಳೆದು, ತಾನು ತಂದಿದ್ದ ಓಆರ್‌ಎಸ್ ಪುಡಿಯ ಪ್ಯಾಕೆಟ್ ಹರಿದು ಒಂದು ಲೀಟರ್ ನೀರಿಗೆ ಸುರಿಯುತ್ತಾ ಕೇಳಿದಳು: "ಮಾಮ, ಬಿಸಿಗೆ ಬ್ಯಾಟರಿ ಬತ್ತಿದ್ರೆ ನೀರು ಮಾತ್ರ ಆವಿಯಾಗಿರುತ್ತೆ, ನೀರು ಹಾಕ್ತೀರಿ, ಸರಿ. ಮಗುಚಿ ಬಿದ್ದು ಒಳಗಿದ್ದದ್ದು ಚೆಲ್ಲಿಹೋದ್ರೆ?"

"ಚೆಲ್ಲಿದ್ದಕ್ಕೆ ಬರೀ ನೀರು ಯಾವ ಮುಠ್ಠಾಳ ಹಾಕ್ತಾನೆ? ಆ್ಯಸಿಡ್ಡೂ ಹೋಗಿರುತ್ತಲ್ಲ! ಹದವಾಗಿ ಬೆರೆಸಿದ್ದನ್ನೇ..." ಮಗಳ ಕಡೆ ನೋಡಿದ.

"ಅದೇ. ನಿಮ್ಮ ಮಗಳು ಬತ್ತಿಲ್ಲ, ಚೆಲ್ಲಿದಾಳೆ. ನೀರಿನ ಜೊತೆ ಉಪ್ಪೂ ಹೋಗಿದೆ."

"ಮೈಯೊಳಗೆ ಉಪ್ಪಾ?"

"ಕಣ್ಣೀರಿನ ರುಚಿ ನೋಡಿಲ್ವಾ? ನಮ್ಮ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಮಾಮ, ಅದೂ ಉಪ್ಪು ಬೆರೆತ ನೀರು. ಆ ಉಪ್ಪಿಂದಲೇ ಮೈಯಲ್ಲಿ ಸಣ್ಣ ಕರೆಂಟ್ ಹರಿಯೋದು. ಕೈ ಎತ್ತೋದು, ಎದೆ ಬಡಿಯೋದು, ನೀವು ನನ್ನ ಹತ್ರ ವಾದ ಮಾಡೋದು, ಎಲ್ಲಕ್ಕೂ ಅದು ಬೇಕು. ಹದ ತಪ್ಪದ ಹಾಗೆ ಕಿಡ್ನಿ ಕಾಯುತ್ತೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು ನೂರೆಂಬತ್ತು ಲೀಟರ್ ಸೋಸಿ, ಒಂದೆರಡು ಲೀಟರ್ ಮಾತ್ರ ಹೊರಗೆ ಬಿಡುತ್ತೆ!"

ಬ್ಯಾಟರಿ ಮಾಮನ ಮೈ ಜುಮ್ಮೆಂದಿತು. ಆ್ಯಸಿಡ್ಡಿನ ಹದ ಅಳೆಯಲು ಅವನಿಗೆ ಗಾಜಿನ ಕೊಳವೆ ಬೇಕು, ಬೆಳಕು ಬೇಕು, ಕನ್ನಡಕ ಬೇಕು. ಈ ಪುಟ್ಟ ಮೈಯೊಳಗೆ, ಹುಟ್ಟಿದಂದಿನಿಂದ, ಯಾರೂ ಕಲಿಸದೆ ಒಂದು ಅಳತೆ ನಡೆಯುತ್ತಲೇ ಇತ್ತು. ಅವನು ಅದನ್ನು ಒಂದು ದಿನವೂ ಯೋಚಿಸಿರಲಿಲ್ಲ.

"ಇದರಲ್ಲಿ ಸಕ್ಕರೆ ಯಾಕಕ್ಕ?" ಪ್ಯಾಕೆಟ್ ಓದುತ್ತಾ ಕೇಳಿದಳು ಹೆಂಡತಿ.

"ಕರುಳಲ್ಲಿ ಉಪ್ಪನ್ನ ಕೈಹಿಡಿದು ಒಳಗೆ ಕರ್ಕೊಂಡು ಹೋಗೋದೇ ಸಕ್ಕರೆ. ಉಪ್ಪಿನ ಬೆನ್ನಿಗೇ ನೀರು."

"ಅಬ್ಬಬ್ಬಾ!"

"ಇನ್ನು ನಾಲ್ಕು ಗಂಟೆ ಕಾಲ ಚಮಚ ಚಮಚವಾಗಿ ಕೊಡಿ. ನಾನು ಇಲ್ಲೇ ಇರ್ತೀನಿ. ಕುಡಿಯೋಕಾಗಲಿಲ್ಲ, ಮಂಪರು ಬಂತು ಅಂದ್ರೆ ಆಸ್ಪತ್ರೆಗೆ ಓಟ."

ಮಾಮ ಅಂಗಡಿಯ ಶಟರ್ ಎಳೆದು ಬಂದು ಚಮಚ ಹಿಡಿದು ಕೂತ. ಒಮ್ಮೆ ವಾಂತಿಯಾಯಿತು. ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿದರು. ಸಂಜೆಗೆ ಮಗು ಮೂತ್ರ ಮಾಡಿತು. ಆಮೇಲೆ ಬಾಯಿ ತೆರೆಯಿತು: "ಅಪ್ಪಾ, ಇದು ಒಂಚೂರೂ ಚೆನ್ನಾಗಿಲ್ಲ. ನೀನೇ ಕುಡಿ!"

ಅವನು ಇನ್ನೊಂದು ಚಮಚ ಮುಂದೆ ಹಿಡಿದ. ಪಟಾಕಿ ಓ ಎಂದು ಅತ್ತಳು. ಕೆನ್ನೆಯ ಮೇಲೆ ಎರಡು ದಪ್ಪ ಹನಿಗಳು ಉರುಳಿದವು. ಮಾಮ ಒಂದನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ಮುಟ್ಟಿಸಿಕೊಂಡ.

"ಉಪ್ಪು ಕಣೇ! ಉಪ್ಪು ಬಂದಿದೆ!" ಎನ್ನುತ್ತಾ ಅವನೂ ಅತ್ತ.

ಈಗ ಅಂಗಡಿಯ ಮೊಳೆಯಲ್ಲಿ ಓಆರ್‌ಎಸ್ ಪ್ಯಾಕೆಟ್ಟುಗಳು ನೇತಾಡುತ್ತಿವೆ. ಬ್ಯಾಟರಿ ತರುವವರಿಗೆಲ್ಲ ಈ ಕಥೆ ಕೇಳದೆ ಬಿಡುಗಡೆಯಿಲ್ಲ.

ನೀವೂ ಕೇಳಿದಿರಿ. ಮನೆಯಲ್ಲಿ ಇವತ್ತೇ ಎರಡು ಪ್ಯಾಕೆಟ್ ತಂದಿಡಿ. ಭೇದಿ ಶುರುವಾದ ಕೂಡಲೇ, ಪ್ಯಾಕೆಟ್ ಮೇಲೆ ಬರೆದಷ್ಟೇ ಶುದ್ಧ ನೀರಲ್ಲಿ ಕಲಸಿ ಕೊಡಿ. ಇಪ್ಪತ್ನಾಲ್ಕು ಗಂಟೆಯಾದರೆ ಉಳಿದದ್ದನ್ನು ಚೆಲ್ಲಿ. ಪ್ಯಾಕೆಟ್ ಸಿಗಲಿಲ್ಲವೇ? ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಊಟ, ಎದೆಹಾಲು ನಿಲ್ಲಿಸಬೇಡಿ. ಮಲದಲ್ಲಿ ರಕ್ತ, ಮಂಪರು, ಮೂತ್ರವೇ ಇಲ್ಲದಿರುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ನಿಮ್ಮ ಮನೆಯ ಪಟಾಕಿ ಸದ್ದು ಮಾಡುತ್ತಲೇ ಇರಲಿ.