ಉಶಿಯಾಮಾನ ಹಳದಿ ಚೀಟಿ

ಟಾರ್ಚು ಹೊತ್ತಿಸುವ ಮೊದಲೇ ಕೊಗುಚಿಯ ಕಣ್ಣಿಗೆ ಆ ಚೀಟಿ ಬಿತ್ತು. ಲೆನ್ಸಿನ ಡಬ್ಬಿಯೊಳಗೆ ನಾಲ್ಕು ಮಡಿಕೆ ಮಾಡಿಟ್ಟ, ಬೆರಳುದ್ದದ ಹಳದಿ ಕಾಗದ. ಬಿಚ್ಚಿ ಓದಬೇಕಾಗಿರಲಿಲ್ಲ. ಇಡೀ ಸುವಾ ಊರಿನಲ್ಲಿ ರಿಪೇರಿ ಮಾಡಿದ ಲೆನ್ಸಿನ ಜೊತೆ ಹಳದಿ ಚೀಟಿ ಇಡುವವನು ಒಬ್ಬನೇ.

"ಓ, ಉಶಿಯಾಮಾ-ಸಾನ್ ಕೈಯಲ್ಲಿ ಆಗಿರೋದಾ ಇದು?" ಎಂದಳು ಅಂಗಡಿಯ ಒಡತಿ ಹಮಾ, ಮೇಜಿನ ಆಚೆಯಿಂದ ಕತ್ತು ಚಾಚಿ. "ಹಾಗಾದ್ರೆ ನೋಡೋದೇನಿದೆ. ಅವರ ಚೀಟಿ ಇದ್ರೆ ಬೆಲೆ ಒಂದೂವರೆ ಪಟ್ಟು."

"ನೋಡೋದೇನಿಲ್ಲ ಅಂದ್ರೆ ಪ್ರತಿ ಗುರುವಾರ ನನ್ನ ಯಾಕೆ ಕರೆಸ್ತೀರ? ಚಹಾ ಕುಡಿಸೋಕಾ?"

"ಬೆಳಿಗ್ಗೆ ಬೆಳಿಗ್ಗೇನೆ ಉರೀಬೇಡಿ. ನೋಡಿ, ನೋಡಿ. ನಿಮ್ಮದೇ ಕೊನೇ ಮಾತು."

ಆ ಕೊನೆಯ ಮಾತೊಂದೇ ಈಗ ಕೊಗುಚಿಯ ಬಳಿ ಉಳಿದಿದ್ದ ಆಸ್ತಿ. ಹಮಾಳ ಅಂಗಡಿಗೆ ಮಾರಾಟಕ್ಕೆ ಬಂದ ಹಳೆಯ ಲೆನ್ಸುಗಳನ್ನು ಅವನು ಬೆಳಕಿಗೆ ಹಿಡಿದು ನೋಡಿ, ತೀರ್ಪನ್ನು ಒಂದು ಚಿಕ್ಕ ಕಾಗದದ ಮೇಲೆ ಬರೆದು ದಾರದಿಂದ ಕಟ್ಟುತ್ತಿದ್ದ. ಕೊಗುಚಿ ಚೆನ್ನಾಗಿದೆ ಎಂದು ಬರೆದರೆ ಟೋಕಿಯೋದವರು ಲೆನ್ಸನ್ನು ಕಣ್ಣಿನಿಂದ ನೋಡದೆಯೇ ತರಿಸಿಕೊಳ್ಳುತ್ತಿದ್ದರು. ಕೆಟ್ಟಿದೆ ಎಂದು ಬರೆದರೆ ಅದು ಬಾಗಿಲ ಬಳಿಯ ಗುಜರಿ ಬುಟ್ಟಿಗೆ ಹೋಗುತ್ತಿತ್ತು. ಬುಟ್ಟಿಯ ಮಾಲನ್ನು ಕೊಂಡವನು ಹಿಂದಿರುಗಿಸುವ ಹಾಗಿಲ್ಲ, ಪ್ರಶ್ನೆ ಕೇಳುವ ಹಾಗೂ ಇಲ್ಲ.

ಲೆನ್ಸು ತಂದಿದ್ದ ಹೆಂಗಸು ಮೇಜಿನ ಈಚೆ ನಿಂತಿದ್ದಳು. ಯಾಜಾಕಿ ಎಂದು ಹೆಸರು. ಕೊರೆಯುವ ಚಳಿಯಲ್ಲಿ ಪಕ್ಕದ ಚೀನೋ ಊರಿನಿಂದ ಅರ್ಧ ಗಂಟೆ ಸೈಕಲ್ ತುಳಿದು ಬಂದಿದ್ದಳು. ಲೆನ್ಸು ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಕೂತು ಬಂದಿತ್ತು. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು.

"ನಮ್ಮ ಯಜಮಾನ್ರದ್ದು. ಕ್ಯಾಮೆರಾ ಕೆಟ್ಟು ಹೋಯ್ತು, ಅದಕ್ಕೆ ಪಾರ್ಟ್ಸ್ ಎಲ್ಲೂ ಇಲ್ವಂತೆ. ಲೆನ್ಸ್ ಮಾತ್ರ ಗಟ್ಟಿ, ಮಾರಿ ಮುಂದಿನ ಹಲ್ಲು ಕಟ್ಟಿಸ್ಕೋ ಅಂದ್ರು."

ಕೊಗುಚಿ ಲೆನ್ಸಿನ ಉಂಗುರವನ್ನು ತಿರುಗಿಸಿದ. ತುಪ್ಪದಲ್ಲಿ ಸೌಟು ತಿರುಗಿದ ಹಾಗೆ ತಿರುಗಿತು. ಎಲ್ಲೂ ತಡೆಯಿಲ್ಲ, ಎಲ್ಲೂ ಸಡಿಲವಿಲ್ಲ. ಐವತ್ತು ವರ್ಷದ ಹಿತ್ತಾಳೆ ಹೀಗೆ ತಿರುಗಬೇಕಾದರೆ ಒಳಗೆ ಹಚ್ಚಿದ ಗ್ರೀಸು ಎಂಥದ್ದು, ಎಷ್ಟು ಹಚ್ಚಿದ್ದಾನೆ ನನ್ನ ಮಗ ಎಂದುಕೊಂಡ. ಹೊಟ್ಟೆಯೊಳಗೆ ಹಳೆಯ ಉರಿ ಎದ್ದಿತು. ಒಂದು ಕಲ್ಲಾದರೂ ಸಿಕ್ಕೀತೆಂದು ಆ ತುದಿಯಿಂದ ಈ ತುದಿಗೆ ಹತ್ತು ಸಲ, ಹದಿನೈದು ಸಲ ತಿರುಗಿಸಿದ. ಪಕ್ಕದಲ್ಲಿ ಸೀಮೆಎಣ್ಣೆ ಒಲೆಯ ಮೇಲೆ ಕೆಟಲ್ ಬುಸುಗುಡುತ್ತಿತ್ತು.

ಟಾರ್ಚು ಹೊತ್ತಿಸಿದ. ಮುಂದಿನ ಗಾಜು ಮಸುಕಾಗಿತ್ತು, ಬಟ್ಟೆಯಿಂದ ಒರೆಸಿದ. ಹಿಂದಿನದೂ ಮಸುಕು, ಅದನ್ನೂ ಒರೆಸಿದ. ಮತ್ತೆ ಬೆಳಕಿಗೆ ಹಿಡಿದ. ನಡುವಿನ ಗಾಜುಗಳಲ್ಲಿ ಅಕ್ಕಿ ತೊಳೆದ ನೀರಿನಂಥ ತೆಳು ಬಿಳುಪು. ಕೊಗುಚಿಯ ಎದೆ ಧಸಕ್ಕೆಂದಿತು, ಅದು ದುಃಖದಿಂದಲ್ಲ.

"ಹೋಯ್ತು," ಎಂದ. "ಎರಡು ಗಾಜು ಸೇರಿಸಿ ಅಂಟಿಸಿರ್ತಾರಲ್ಲ, ಆ ಗೋಂದು ಬೆಳ್ಳಗಾಗಿದೆ. ಇನ್ನು ಇದು ಪೇಪರ್ ಹಾರದ ಹಾಗೆ ಮೇಲಿಡೋಕೆ ಸರಿ."

"ಆದ್ರೆ ರಿಪೇರಿ ಮಾಡಿದ ಆ ಪುಣ್ಯಾತ್ಮ ನನ್ನ ಎದುರಿಗೇ ಹೇಳಿದ್ರು, ಇನ್ನು ಇಪ್ಪತ್ತು ವರ್ಷ ಏನೂ ಆಗಲ್ಲ ಅಂತ."

"ಹೇಳೋರಿಗೇನಮ್ಮ, ಬಾಯಿ ಇದೆ ಹೇಳ್ತಾರೆ."

ಹೆಂಗಸು ಮತ್ತೇನೂ ಕೇಳಲಿಲ್ಲ. ಗುಜರಿಯ ಬೆಲೆಗೆ ಒಪ್ಪಿ, ಹಳೆಯ ಮಾಲು ಮಾರುವವರೆಲ್ಲ ಬರೆಯಬೇಕಾದ ಪುಸ್ತಕದಲ್ಲಿ ಹೆಸರು, ವಿಳಾಸ, ಕೆಲಸ ಮಾಡುವ ಜಾಗ ಬರೆದು, ಕೈಗವಸು ಹಾಕಿಕೊಂಡು ಹೋದಳು. ಕೊಗುಚಿ ಚಿಕ್ಕ ಕಾಗದದ ಮೇಲೆ "ಗೋಂದು ಹೋಗಿದೆ, ರಿಪೇರಿ ಆಗದು. ಕೊಗುಚಿ" ಎಂದು ಬರೆದು, ಎಂದಿಗಿಂತ ದಪ್ಪ ಅಕ್ಷರದಲ್ಲಿ ಬರೆದು, ಹಳದಿ ಚೀಟಿಯನ್ನೂ ಅದರ ಜೊತೆಗೇ ಕಟ್ಟಿ ಬುಟ್ಟಿಗೆ ಹಾಕಿದ. ಆಮೇಲೆ ಹಮಾ ಕೊಟ್ಟ, ಉಪ್ಪಿನಲ್ಲಿ ನೆನೆಸಿಟ್ಟ ಸೊಪ್ಪನ್ನು ನೆಂಚಿಕೊಂಡು ಎರಡು ಲೋಟ ಚಹಾ ಕುಡಿದ. ಅಷ್ಟು ರುಚಿಯಾದ ಸೊಪ್ಪನ್ನು ಆ ಚಳಿಗಾಲದಲ್ಲಿ ಅವನು ತಿಂದಿರಲಿಲ್ಲ.

ಕೊಗುಚಿ, ಉಶಿಯಾಮಾ ಇಬ್ಬರೂ ಒಂದೇ ಕ್ಯಾಮೆರಾ ಕಾರ್ಖಾನೆಯ ರಿಪೇರಿ ಕೋಣೆಯಲ್ಲಿ ಅಕ್ಕಪಕ್ಕದ ಮೇಜಿನವರಾಗಿದ್ದರು. ಕೊಗುಚಿ ನಾಲ್ಕು ವರ್ಷ ಹಿರಿಯ. ಉಶಿಯಾಮಾನಿಗೆ ಸ್ಕ್ರೂಡ್ರೈವರ್ ಹಿಡಿಯುವುದನ್ನು ಕಲಿಸಿದವನೇ ಅವನು. ಒಂಬತ್ತು ವರ್ಷದ ಹಿಂದೆ ಕೋಣೆ ಮುಚ್ಚಿದಾಗ ಉಶಿಯಾಮಾ ತನಗೆ ಬರಬೇಕಾದ ದುಡ್ಡಿನಲ್ಲಿ ಅರ್ಧ ಬಿಟ್ಟುಕೊಟ್ಟು, ಹಳೆಯ ಲೆನ್ಸುಗಳ ಬಿಡಿಭಾಗ ತುಂಬಿದ ಎರಡು ಕಪಾಟು ಕೇಳಿ ತೆಗೆದುಕೊಂಡ. ಆಗ ಎಲ್ಲರಿಗಿಂತ ಜೋರಾಗಿ ನಕ್ಕವನು ಕೊಗುಚಿ. ಮುಂದಿನ ಕಾಲವೆಲ್ಲ ತಾನೇ ಫೋಕಸ್ ಮಾಡಿಕೊಳ್ಳುವ ಮೋಟಾರಿನ ಲೆನ್ಸಿನದು ಎಂದು ನಂಬಿ ಅದಕ್ಕೆ ಬೇಕಾದ ಯಂತ್ರ ಕೊಂಡ. ಆ ಮೋಟಾರುಗಳು ಹತ್ತು ವರ್ಷಕ್ಕೆ ಸಾಯುತ್ತಿದ್ದವು. ತಯಾರಿಸಿದವರೇ ಬಿಡಿಭಾಗ ಇಲ್ಲವೆಂದು ಕೈ ಎತ್ತುತ್ತಿದ್ದರು. ದಿನಕ್ಕೆ ಮೂರು ಸಲ "ಕ್ಷಮಿಸಿ, ಇದು ಆಗಲ್ಲ" ಎನ್ನುವುದೇ ಕೊಗುಚಿಯ ಕಸುಬಾಯಿತು. ಅತ್ತ ಅಜ್ಜಂದಿರ ಕಾಲದ ಹಿತ್ತಾಳೆ ಲೆನ್ಸುಗಳಿಗೆ ಬೆಲೆ ಏರಿತು. ಜರ್ಮನಿಯವರು ಉಶಿಯಾಮಾನಿಗೆ ಕಾಗದ ಬರೆಯತೊಡಗಿದರು. ಅವನ ಮನೆಯ ಮುಂದೆ ಪಾರ್ಸೆಲ್ ಗಾಡಿ ನಿಂತಿರುವುದನ್ನು ನೋಡಲಾರದೆ ಕೊಗುಚಿ ಸ್ಟೇಷನ್ನಿಗೆ ಹೋಗಲು ಬೇರೆ ದಾರಿ ಹಿಡಿದಿದ್ದ.

ಹನ್ನೊಂದೂವರೆಗೆ, ಕೊಗುಚಿ ಇನ್ನೂ ಚಹಾ ಕುಡಿಯುತ್ತಿರುವಾಗಲೇ, ಬಾಗಿಲು ಸರಿಯಿತು. ಉಶಿಯಾಮಾ ರಿಪೇರಿಯಾದ ಲೆನ್ಸುಗಳ ಪೆಟ್ಟಿಗೆ ಹೊತ್ತು ಒಳಗೆ ಬಂದ.

"ಅಣ್ಣ, ಚೆನ್ನಾಗಿದ್ದೀರಾ? ಅತ್ತಿಗೆಗೆ ಸೊಂಟನೋವು ಅಂತಿದ್ರಿ."

"ಹೂಂ," ಎಂದ ಕೊಗುಚಿ.

ಪೆಟ್ಟಿಗೆ ಇಳಿಸಿದವನೇ ಉಶಿಯಾಮಾ ಗುಜರಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಯಾವ ರಿಪೇರಿಯವನಾದರೂ ಮಾಡುವ ಕೆಲಸವೇ ಅದು. ಒಂದು ಸತ್ತ ಲೆನ್ಸಿನಿಂದ ಇನ್ನೊಂದಕ್ಕೆ ಜೀವ ತುಂಬಬಹುದು. ಅವನ ಕೈ ಹಳದಿ ಚೀಟಿಯ ಮೇಲೆ ನಿಂತಿತು. ಕೊಗುಚಿಯ ಕಾಗದವನ್ನು ಓದಿದ. ಎರಡನೇ ಸಲ ಓದಿದ. ಜೇಬಿನಿಂದ ಟಾರ್ಚು ತೆಗೆದು ಲೆನ್ಸಿನ ಹಿಂದೆ ಹಿಡಿದ.

ಎದುರಿನ ಗೋಡೆಯ ಮೇಲೆ ಬೆಳಕಿನ ಬಿಲ್ಲೆಯೊಂದು ಬಿತ್ತು. ಒಂದು ಕಲೆಯಿಲ್ಲ, ಒಂದು ಮಸುಕಿಲ್ಲ.

ಕೊಗುಚಿಯ ಬಾಯಲ್ಲಿ ಸೊಪ್ಪು ಹಾಗೇ ನಿಂತಿತು. ಸೈಕಲ್ಲು, ಚಳಿ, ಕೆಟಲಿನ ಹಬೆ. ತಣ್ಣಗಿನ ಗಾಜಿನ ಮೇಲೆ ಹಬೆ ಕೂರುತ್ತದೆ, ಹೊರಗಿನಿಂದ ಬಂದ ಲೆನ್ಸನ್ನು ಒಂದು ಗಂಟೆ ಡಬ್ಬಿಯಿಂದ ತೆಗೆಯಬಾರದು ಎಂಬುದು ಕಾರ್ಖಾನೆಗೆ ಸೇರಿದ ಮೊದಲ ಚಳಿಗಾಲದಲ್ಲೇ ಕಲಿಯುವ ಪಾಠ. ತಾನು ಡಬ್ಬಿಯಿಂದ ತೆಗೆದದ್ದಷ್ಟೇ ಅಲ್ಲ, ಉಂಗುರ ತಿರುಗಿಸಿ ತಿರುಗಿಸಿ ಪಂಪು ಹೊಡೆದ ಹಾಗೆ ಹಬೆಯನ್ನು ಒಳಗೆ ಎಳೆದಿದ್ದ. ಹೊರಗಿನ ಗಾಜನ್ನು ತನ್ನ ಕೈಯಿಂದಲೇ ಒರೆಸಿಯೂ ತಲೆಗೆ ಹೊಳೆದಿರಲಿಲ್ಲ. ಚೀಟಿ ಕಂಡ ಮೇಲೆ ಅವನ ತಲೆ ಅವನದಾಗಿರಲಿಲ್ಲ.

"ಅಣ್ಣ," ಎಂದ ಉಶಿಯಾಮಾ ಮೆಲ್ಲಗೆ. "ನನಗೆ ಕಾಣ್ತಾ ಇಲ್ಲ."

ಕೊಗುಚಿ ಲೋಟವನ್ನು ಕೈಗೆತ್ತಿಕೊಂಡ.

"ಕಣ್ಣು ಹೋಗ್ತಿದೆ ಅನ್ಸುತ್ತೆ. ಕನ್ನಡಕ ಬದಲಾಯಿಸ್ಬೇಕು ಅಂತ ಹೋದ ತಿಂಗಳಿಂದ ಅಂದ್ಕೋತಾನೇ ಇದ್ದೀನಿ. ನೀವು ನೋಡಿದ್ದೀರ ಅಂದ್ಮೇಲೆ ಬಿಳುಪು ಇದ್ದೇ ಇರುತ್ತೆ." ಅವನು ಹಮಾಳ ಕಡೆ ತಿರುಗಿದ. "ಹೋದ ವರ್ಷ ಹೊಸ ಗೋಂದು ಹಾಕಿದ್ದೆ ಇದಕ್ಕೆ. ಅದೇ ಗೋಂದಿನದು ಇನ್ನೂ ಹನ್ನೊಂದು ಲೆನ್ಸ್ ಬೇರೆಯವರಿಗೆ ಹೋಗಿವೆ. ಎಲ್ಲರಿಗೂ ಬರೆದು ವಾಪಸ್ ತರಿಸ್ತೀನಿ. ಈ ಲೆನ್ಸ್ ಕೊಟ್ಟಿದ್ದ ಅಮ್ಮಂಗೂ ಹೇಳಬೇಕು."

"ಹಾಗಾದ್ರೆ ನನ್ನ ಗಾಜಿನ ಕಪಾಟಿನಲ್ಲಿ ಇರೋ ನಿಮ್ಮವು?" ಎಂದಳು ಹಮಾ. ಅವಳ ದನಿಯೇ ಬದಲಾಗಿತ್ತು.

"ಸದ್ಯಕ್ಕೆ ಚೀಟಿ ತೆಗೆದುಬಿಡಿ."

ಹಮಾ ಕಪಾಟಿನ ಬೀಗ ತೆಗೆದಳು. ಹಳದಿ ಚೀಟಿಗಳು ಒಂದೊಂದಾಗಿ ಮೇಜಿನ ಮೇಲೆ ಬೀಳತೊಡಗಿದವು. ಒಂಬತ್ತು ವರ್ಷ ಹಾಸಿಗೆಯಲ್ಲಿ ಹೊರಳಾಡುತ್ತ ಕೊಗುಚಿ ಏನೇನು ಬಯಸಿದ್ದನೋ ಅದೆಲ್ಲ ಐದು ನಿಮಿಷದಲ್ಲಿ ಕಣ್ಣೆದುರಿಗೇ ಆಗುತ್ತಿತ್ತು. ಅವನು ಮಾಡಬೇಕಾದದ್ದು ಇಷ್ಟೇ: ಸೊಪ್ಪು ನುಂಗಿ ಸುಮ್ಮನಿರುವುದು.

"ಇನ್ಮೇಲೆ ನನ್ನ ಕೆಲಸಾನ ಒಂದ್ಸಲ ನೀವು ನೋಡ್ಬಿಡಿ ಅಣ್ಣ," ಎಂದ ಉಶಿಯಾಮಾ. "ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಯ್ತು."

ಕೊಗುಚಿ ಲೋಟವನ್ನು ಕುಕ್ಕಿದ. ಚಹಾ ಮೇಜಿನ ಮೇಲೆಲ್ಲ ಚೆಲ್ಲಿತು.

"ಕತ್ತೆ. ನಿನ್ನ ಕಣ್ಣಿಗೆ ಏನು ಕಾಣ್ತಾ ಇದೆಯೋ ಅದನ್ನ ಹೇಳೋ. ಏನಿದೆ ಅದರೊಳಗೆ?"

"ಏನೂ... ಏನೂ ಇಲ್ಲ."

"ಇಲ್ಲ ಅಂದ್ರೆ ಇಲ್ಲ. ಅಂಥಾ ಕೈ ಇಟ್ಕೊಂಡು ಅಳ್ತಾನೆ ನೋಡು. ನಾನು ನೋಡಿದ್ದು ಹಬೆ. ಹೊರಗಿಂದ ಬಂದ ತಕ್ಷಣ ತೆಗೆದು ನೋಡ್ದೆ. ಬಿಡಿ ಆ ಚೀಟಿಗಳ್ನ, ಹಮಾ-ಸಾನ್, ಇದ್ದಲ್ಲೇ ಇಡಿ."

ಹೇಳಿ ಮುಗಿಸಿದ ಮೇಲೂ ಹೊಟ್ಟೆಯ ಉರಿ ಹಾಗೇ ಇತ್ತು. ಉಶಿಯಾಮಾ ನಕ್ಕಿದ್ದರೆ ಬೈದಾದರೂ ಬೈಯಬಹುದಿತ್ತು. ಅವನು ನಗಲಿಲ್ಲ. ತಲೆ ತಗ್ಗಿಸಿ ಟಾರ್ಚನ್ನು ಆರಿಸಿ ಜೇಬಿಗೆ ಹಾಕಿಕೊಂಡ. ಅದೂ ಸಹಿಸುವಂಥದ್ದಾಗಿರಲಿಲ್ಲ.

ಹಮಾ ಚೀಟಿಗಳನ್ನು ಕಪಾಟಿಗೆ ಮರಳಿಸಿದಳು. ಆಮೇಲೆ ಗುಜರಿ ಬುಟ್ಟಿಯನ್ನೆತ್ತಿ ಮೇಜಿನ ಮೇಲಿಟ್ಟಳು. ಮೂವತ್ತೋ ನಲವತ್ತೋ ಲೆನ್ಸುಗಳು. ಒಂದೊಂದರ ಕೊರಳಲ್ಲೂ ಕೊಗುಚಿಯ ಅಕ್ಷರ.

"ಉಶಿಯಾಮಾ-ಸಾನ್," ಎಂದಳು, "ಮಧ್ಯಾಹ್ನ ಇವನ್ನ ನೋಡೋಕೆ ಸ್ವಲ್ಪ ಪುರುಸೊತ್ತು ಇದೆಯಾ ನಿಮಗೆ?"

ಉಶಿಯಾಮಾ ಕೊಗುಚಿಯ ಮುಖ ನೋಡಿದ. ಕೊಗುಚಿ ಕೋಟು ಹಾಕಿಕೊಳ್ಳುತ್ತಿದ್ದ.

"ಆ ಹೆಂಗಸಿನ ವಿಳಾಸ ಕೊಡಿ. ಲೆನ್ಸು ನಾನೇ ಕೊಟ್ಟು ಬರ್ತೀನಿ."

"ನನ್ನ ಗಾಡೀಲಿ ಬಿಡ್ತೀನಿ ಅಣ್ಣ."

"ನನಗೂ ಕಾಲಿದೆ."

ಒಂದು ಸ್ಟೇಷನ್ನು ರೈಲಿನಲ್ಲಿ ಹೋಗಿ, ಅಲ್ಲಿಂದ ಬೆಟ್ಟದ ಕಡೆಗೆ ನಡೆದ. ಯಾಜಾಕಿ ಕೆಲಸ ಮಾಡುತ್ತಿದ್ದದ್ದು ಕಾಂತೆನ್ ಎಂಬ ತಿನಿಸು ಒಣಗಿಸುವ ಬಯಲಿನಲ್ಲಿ. ಕೊಯ್ಲು ಮುಗಿದ ಗದ್ದೆಗಳ ತುಂಬ ಹಲಗೆಗಳು. ಹಲಗೆಗಳ ಮೇಲೆ ಕಡಲಪಾಚಿ ಬೇಯಿಸಿ ಹೆಪ್ಪುಗಟ್ಟಿಸಿದ ಇಟ್ಟಿಗೆಯಂಥ ಗಟ್ಟಿಗಳು, ರಾತ್ರಿ ಮಂಜುಗಟ್ಟಿ ಹಗಲು ಕರಗಿ ಹಗುರವಾಗುತ್ತ ಬೆಳ್ಳಗೆ ಕೂತಿದ್ದವು. ಅವಳು ನಡುವಿನ ಸಾಲಿನಲ್ಲಿ ಒಬ್ಬಳೇ ಹಲಗೆಗಳನ್ನು ಬಿಸಿಲಿನ ಕಡೆಗೆ ತಿರುಗಿಸುತ್ತಿದ್ದಳು.

"ಯಾಜಾಕಿ-ಸಾನ್," ಎಂದು ಕೂಗಿದ. ತಲೆ ಬಾಗಿಸಿದ. "ನಾನು ಬೆಳಿಗ್ಗೆ ತಪ್ಪು ಹೇಳಿದೆ."

ಗಾಳಿಗೆ ಅವಳಿಗೆ ಕೇಳಿಸಲಿಲ್ಲ. "ಏನಂದ್ರಿ?"

"ತಪ್ಪು ಹೇಳಿದೆ ಅಂದೆ."

ಅವಳು ಅವನನ್ನೂ ಅವನ ಕೈಯಲ್ಲಿದ್ದ ಡಬ್ಬಿಯನ್ನೂ ನೋಡಿದಳು. ಆಮೇಲೆ ಆಕಾಶ ನೋಡಿದಳು. ಬೆಟ್ಟದ ಹಿಂದಿನಿಂದ ಮೋಡ ಬರುತ್ತಿತ್ತು.

"ಬಿಸಿಲು ಹೋಗೋದರೊಳಗೆ ಈ ಸಾಲು ಮುಗೀಬೇಕು. ಆ ಕಡೆ ಹಿಡ್ಕೊಳ್ಳಿ ಸ್ವಲ್ಪ."

ಕೊಗುಚಿ ಡಬ್ಬಿಯನ್ನು ಕೋಟಿನೊಳಗೆ ಸೇರಿಸಿ, ಹಲಗೆಯ ಇನ್ನೊಂದು ತುದಿಯನ್ನು ಹಿಡಿದ. ಮಂಜಿನಿಂದ ಮರ ಕೈಗೆ ಅಂಟುತ್ತಿತ್ತು. ಎತ್ತಿ, ತಿರುಗಿಸಿ, ಇಳಿಸಿ, ಮುಂದಿನದಕ್ಕೆ ಸರಿದರು. ಸಾಲು ಗದ್ದೆಯ ಆ ಬದುವಿನವರೆಗೂ ಇತ್ತು.