ಹೊಸಿಲ ಮೇಲಿನ ಚೊಂಬು

ಸುಲಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಸೌಂದರ್ಯ ಎರಡು ಸಲ ಅಲ್ಲಾಡಿಸಿದಳು. ಗಡಗಡ ಎಂದಿತು. ವರ್ಷವೆಲ್ಲ ಅಟ್ಟದ ಮೇಲೆ ಕೂತು ನೀರು ಹಿಂಗಿಸಿಕೊಂಡ ಕಾಯಿ. ಒಳಗಿನ ಕೊಬ್ಬರಿ ಕರಟ ಬಿಟ್ಟಿತ್ತು. ಮಚ್ಚಿನ ಹಿಂಬದಿಯಿಂದ ಸುತ್ತಲೂ ಮೆತ್ತಗೆ ತಟ್ಟಿ, ಉಂಡೆ ಒಡೆಯದ ಹಾಗೆ ಬಿಡಿಸಿ ಚೀಲದ ಮೇಲಿಟ್ಟು, ಇನ್ನೊಂದಕ್ಕೆ ಕೈ ಹಾಕಿದಳು. ಬೆಳಿಗ್ಗೆ ರೊಟ್ಟಿ ತಿಂದು ಕೂತವಳು ಎರಡು ತಾಸಾದರೂ ಎದ್ದಿರಲಿಲ್ಲ. ಎದುರಿಗೆ ಕೂತು ಕಾಯಿ ಒಡೆಯುತ್ತಿದ್ದ ಹಟ್ಟಿಯ ಕ್ಯಾತಮ್ಮ, ಫಾರಿನ್ ಕೈ ಚೆನ್ನಾಗೇ ಆಡ್ತದೆ ಎಂದು ಆಗಲೇ ಎರಡು ಸಲ ಹೇಳಿಯಾಗಿತ್ತು.

ಇದೇ ಸೌಂದರ್ಯ ಡೆನ್ಮಾರ್ಕಿನಲ್ಲಿ ಹತ್ತು ನಿಮಿಷ ಒಂದು ಕಡೆ ಕೂರಲಾರಳು. ಗಂಡ ಮಲ್ಲೇಶನಿಗೆ ಗಾಳಿಯಂತ್ರದ ಕೆಲಸ ಸಿಕ್ಕಿ ಅಲ್ಲಿಗೆ ಹೋಗಿ ಹದಿನಾಲ್ಕು ವರ್ಷ. ಅವಳು ಒಂದು ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಮಕ್ಕಳ ಜೊತೆ ಅವಳಿಗೆ ಯಾವ ತೊಂದರೆಯೂ ಇಲ್ಲ, ತೊಂದರೆಯೆಲ್ಲ ಉಳಿದದ್ದರ ಜೊತೆ. ಅಲ್ಲಿ ಎಲ್ಲಕ್ಕೂ ಫೋನಿಗೇ ಒಂದು ಪತ್ರ ಬರುತ್ತದೆ, ಪತ್ರಕ್ಕೊಂದು ಕೊನೆಯ ದಿನ ಇರುತ್ತದೆ, ನೆನಪಿಸಲು ಯಾರೂ ಬಾಗಿಲಿಗೆ ಬರುವುದಿಲ್ಲ. ವೀಸಾದ ಪತ್ರವನ್ನು ಅರ್ಧ ಓದಿದ್ದಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ನೆನಪಾಗಿ ಎದ್ದಳು. ಹಾಲೂ ಉಕ್ಕಿತು, ಪತ್ರವೂ ಮೂರು ವಾರ ಹಾಗೇ ಉಳಿಯಿತು. ಬಸ್ಸಿನ ಕಿಟಕಿಯಲ್ಲಿ ಏನನ್ನೋ ನೋಡುತ್ತ ಕೂತು ಸಮುದ್ರದ ದಡದ ಕೊನೆಯ ಸ್ಟಾಪಿನಲ್ಲಿ ಇಳಿದ ದಿನಗಳಿಗೆ ಲೆಕ್ಕವಿಲ್ಲ. ಎರಡು ವರ್ಷದ ಹಿಂದೆ ಡಾಕ್ಟರು, ಗಮನ ಒಂದೆಡೆ ನಿಲ್ಲದ ಈ ತೊಂದರೆಗೆ ಎಡಿಎಚ್‌ಡಿ ಎಂದು ಹೆಸರು ಕೊಟ್ಟರು. ಆಗ ಅವಳಿಗೆ ನಲವತ್ತೆರಡು. ಅವ್ವನಿಗೆ ಅದನ್ನಿನ್ನೂ ಹೇಳಿರಲಿಲ್ಲ.

ಈಗ ಶಿಶುವಿಹಾರದಲ್ಲಿ ಹದಿನೆಂಟು ಮಕ್ಕಳ ಒಂದು ಗುಂಪಿನ ಪೂರಾ ಜವಾಬ್ದಾರಿ ತಗೋತೀಯಾ ಎಂದು ಕೇಳಿದ್ದರು. ಶುಕ್ರವಾರದೊಳಗೆ ಉತ್ತರ ಬರೆಯಬೇಕು. ಯಾವ ಮಗುವಿಗೆ ಯಾವ ಔಷಧಿ, ಯಾರಿಗೆ ಕಡಲೆಬೀಜ ಆಗದು, ಯಾರನ್ನು ಇವತ್ತು ತಾತ ಕರೆದೊಯ್ಯುತ್ತಾರೆ, ಎಲ್ಲ ನೆನಪಿಡಬೇಕು. ಆಸೆ ಬೆಟ್ಟದಷ್ಟಿತ್ತು. ಆದರೂ ಆಗುವುದಿಲ್ಲವೆಂದು ಬರೆಯುವುದು ಎಂದುಕೊಂಡೇ ಊರಿಗೆ ಬಂದಿದ್ದಳು. ಇವತ್ತು ಬುಧವಾರ.

ಕಾಯಿ ಮುಗಿಯುತ್ತ ಬಂದವು. ಅವ್ವ ದ್ರಾಕ್ಷಾಯಣಮ್ಮ ಅಡುಗೆಮನೆಯಿಂದಲೇ, ಅಟ್ಟ ಹತ್ತಿ ಇನ್ನೊಂದಿಷ್ಟು ಕೆಡವು ಎಂದರು. ಅಟ್ಟದಲ್ಲಿ ಎರಡು ರಾಶಿ. ಕಿಟಕಿ ಕಡೆಯದು ಹೋದ ವರ್ಷದ್ದು, ಗೋಡೆ ಕಡೆಯದು ಈ ವರ್ಷದ್ದು. ಸೌಂದರ್ಯ ಹತ್ತಿದಳು. ಮೂಲೆಯಲ್ಲಿ ತನ್ನ ಹೈಸ್ಕೂಲಿನ ಟ್ರಂಕು ಕಂಡಿತು. ಮುಚ್ಚಳ ತೆಗೆದಳು, ಹಳೇ ನೋಟ್‌ಬುಕ್ಕಿನ ಚಿತ್ರ ನೋಡಿದಳು, ಎದ್ದಳು. ತೊಲೆಯಿಂದ ಇಳಿಬಿದ್ದ ಮಾಸಿದ ಕೆಂಪು ಬಟ್ಟೆ ಮುಖಕ್ಕೆ ತಾಗಿತು. ದೃಷ್ಟಿಗೆ ಕಟ್ಟಿರಬೇಕೆಂದು ಭಕ್ತಿಯಿಂದಲೇ ಪಕ್ಕಕ್ಕೆ ಸರಿಸಿ, ಅದರಾಚೆಯ ರಾಶಿಯಿಂದ ದಬದಬ ಕೆಡವತೊಡಗಿದಳು.

ಇಳಿದು ಬರುವಷ್ಟರಲ್ಲಿ ಕ್ಯಾತಮ್ಮ ಒಂದನ್ನು ಸುಲಿದು ಅಲ್ಲಾಡಿಸಿದ್ದಳು. ಗಡಗಡ ಇಲ್ಲ, ಬುಳುಕ್ ಎಂದಿತು.

"ಅಮ್ಮಾರೇ, ನೀರಾಡ್ತಾವೆ," ಎಂದಳು ಕ್ಯಾತಮ್ಮ, ಸೌಂದರ್ಯಳ ಮುಖ ನೋಡದೆ.

ಎಲ್ಲ ಈ ವರ್ಷದ ಕಾಯಿ, ನೂರಕ್ಕೆ ಮೇಲಿದ್ದವು. ಅಟ್ಟದಲ್ಲಿ ಅರ್ಧ ಒಣಗಿದ ಕಾಯಿ ಎತ್ತರದಿಂದ ಬಿದ್ದರೆ ಒಳಗೇ ಬಿರುಕು ಬಿಡುತ್ತದೆ, ಮತ್ತೆ ಅಟ್ಟಕ್ಕೇರಿಸಿದರೆ ಕೊಳೆಯುತ್ತದೆ. ಮುಂದಿನ ವರ್ಷದ ಕೊಬ್ಬರಿ ಹೋಯಿತು. ಸೌಂದರ್ಯಳ ಬಾಯಲ್ಲಿ ಹದಿನಾಲ್ಕು ವರ್ಷದಿಂದ ಸಿದ್ಧವಾಗಿರುವ ಕ್ಷಮೆಯ ಮಾತುಗಳೆಲ್ಲ ಒಟ್ಟಿಗೆ ಬಂದು ನಿಂತವು, ಯಾವುದೂ ಕನ್ನಡದಲ್ಲಿರಲಿಲ್ಲ.

ದ್ರಾಕ್ಷಾಯಣಮ್ಮ ಸೌಟು ಹಿಡಿದೇ ಹೊರಗೆ ಬಂದು ನೋಡಿದರು.

"ಕೆಂಪು ಬಟ್ಟೆ ಕಾಣ್ಲಿಲ್ವೇನೇ?"

"ಕಾಣ್ತು. ದೃಷ್ಟಿಗೆ ಅಂತ..."

"ಯಾವ ದೃಷ್ಟಿನೇ? ಇದರಾಚೆ ಮುಟ್ಟಬ್ಯಾಡ ಅಂತ ನನಗೆ ನಾನೇ ಕಟ್ಕಂಡಿರೋದು ಕಣೇ. ಈ ಮನೆಗೆ ಬಂದ ವರ್ಷ ನಾನೂ ಹಿಂಗೇ ಕೆಡವಿದ್ದೆ. ನಿಮ್ಮಜ್ಜಿ ಎಂಟು ದಿನ ಮಾತಾಡ್ಲಿಲ್ಲ."

ಕ್ಯಾತಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಸೌಂದರ್ಯ ಹೊಸಿಲ ಕಡೆ ನೋಡಿದಳು. ಅಲ್ಲಿ ಹಿತ್ತಾಳೆ ಚೊಂಬು ಬೋರಲು ಕೂತಿತ್ತು. ಅವಳ ಬಾಲ್ಯದಲ್ಲೂ ದಿನಾ ಅಲ್ಲೇ ಇರುತ್ತಿತ್ತು. ಮನೆಗೆ ಒಳ್ಳೆಯದಾಗಲೆಂದು ಇಡುವುದು ಎಂದು ನಂಬಿ, ಅವಳು ಡೆನ್ಮಾರ್ಕಿನಲ್ಲೂ ಪ್ರತಿ ಬೆಳಿಗ್ಗೆ ಬಾಗಿಲಲ್ಲಿ ಒಂದು ಚೊಂಬು ಬೋರಲು ಹಾಕುತ್ತಾಳೆ. ಮಲ್ಲೇಶ ಎಡವಿ ಬೈದಾಗಲೆಲ್ಲ ನಮ್ಮನೆ ಶಾಸ್ತ್ರ ಎಂದು ವಾದಿಸಿದ್ದಾಳೆ.

"ಅವ್ವಾ, ಮತ್ತೆ ಆ ಚೊಂಬು?"

"ತೋಟದಲ್ಲಿ ಮೋಟ್ರು ಓಡ್ತೈತೆ ಅಂತ ನೆನಪಿಗೆ. ಒಂದ್ಸಲ ಮರ್ತು ತೋಟನೇ ಕೆರೆ ಆಗಿತ್ತು." ದ್ರಾಕ್ಷಾಯಣಮ್ಮ ಸೆರಗಿನ ತುದಿ ಎತ್ತಿ ತೋರಿಸಿದರು. ಮೂರು ಗಂಟುಗಳಿದ್ದವು. "ನನ್ ತಲೆ ನಿಂತಲ್ಲಿ ನಿಲ್ಲಲ್ಲ ಕಣೇ. ಅದಕ್ಕೇ ಕಂಡಕಂಡಲ್ಲಿ ಗಂಟು ಹಾಕ್ಕಂಡು ಸಂಸಾರ ಮಾಡಿದೀನಿ."

ಡಾಕ್ಟರು ಕೊಟ್ಟ ಹೆಸರು ಸೌಂದರ್ಯಳ ನಾಲಿಗೆಯ ತುದಿಗೆ ಬಂತು. ಅವ್ವ ಅಷ್ಟರಲ್ಲಿ, ಸಾರು ಒಲೆಯ ಮೇಲಿದೆಯೆಂದು ನೆನಪಾಗಿ ಒಳಕ್ಕೆ ಓಡಿದ್ದರು. ಸೀದ ವಾಸನೆ ಅಂಗಳದವರೆಗೂ ಬಂತು.

ಮಧ್ಯಾಹ್ನವೆಲ್ಲ ನೀರುಕಾಯಿ ಒಡೆದು ಹೋಳುಗಳನ್ನು ಎಣ್ಣೆಗೆಂದು ಬಿಸಿಲಿಗೆ ಹರಡಿದರು. ಕ್ಯಾತಮ್ಮನ ಹಟ್ಟಿಗೆ ಒಂದು ಮಂಕರಿ ತುಂಬ ಹೋಳು ಹೋಯಿತು. ಎಳನೀರಿನಷ್ಟು ಸಿಹಿಯಲ್ಲದ ನೀರನ್ನು ಮೂವರೂ ಹೊಟ್ಟೆ ತುಂಬ ಕುಡಿದರು. ನಡುವೆ ಮೋಟರು ನಿಲ್ಲಿಸಿ ಬಂದ ದ್ರಾಕ್ಷಾಯಣಮ್ಮ ಚೊಂಬನ್ನು ಎತ್ತಿ ಒಳಗಿಟ್ಟರು.

ಸೌಂದರ್ಯ ಹೋಳು ಹರಡುತ್ತಲೇ ಶಿಶುವಿಹಾರದ ಗೋಡೆಯಲ್ಲಿ ಮಕ್ಕಳು ಕೋಟು ನೇತುಹಾಕುವ ಹದಿನೆಂಟು ಕೊಕ್ಕೆಗಳನ್ನು ಮನಸ್ಸಿನಲ್ಲಿ ಸಾಲಾಗಿ ನೋಡಿದಳು. ಕಡಲೆಬೀಜ ಆಗದ ಮಗುವಿನ ಕೊಕ್ಕೆಗೆ ಕೆಂಪು ಬಟ್ಟೆ. ಔಷಧಿಯ ಮಗುವಿಗೆ ಹಳದಿ. ಔಷಧಿ ಕೊಡುವವರೆಗೆ ಬಾಗಿಲಲ್ಲಿ ಬೋರಲು ಚೊಂಬು; ಮಕ್ಕಳೇ ಕೂಗಿ ನೆನಪಿಸುತ್ತವೆ. ನೋಡಿದವರು ಇಂಡಿಯಾದ ಶಾಸ್ತ್ರ ಅಂದುಕೊಂಡರೆ ಅಂದುಕೊಳ್ಳಲಿ.

ಕೈ ಒರೆಸಿಕೊಂಡು, ದುಪಟ್ಟಾದ ತುದಿಗೆ ಬಿಗಿಯಾಗಿ ಒಂದು ಗಂಟು ಹಾಕಿದಳು. ಶುಕ್ರವಾರಕ್ಕೆ ಕಾಯುವುದು ಬೇಡ, ಒಪ್ಪಿಗೆಯೆಂದು ಇವತ್ತೇ ಬರೆಯಬೇಕು.

"ಏನ್ ಗಂಟೇ ಅದು?" ದ್ರಾಕ್ಷಾಯಣಮ್ಮ ಕೇಳಿದರು.

"ಏನಿಲ್ಲ ಬುಡವ್ವ," ಎಂದು ಸೌಂದರ್ಯ ಇನ್ನೊಂದು ಹೋಳನ್ನು ಬಿಸಿಲಿಗೆ ತಿರುಗಿಸಿದಳು.