ನಲವತ್ತೆರಡು ಚಿತ್ರಗಳು

"ಕಣ್ಣಿಲ್ಲ ಅನ್ನೋದಕ್ಕೆ ಡಾಕ್ಟರ ಚೀಟಿ ಎಲ್ಲಮ್ಮಾ?"

"ಎರಡು ವರ್ಸದ ಕೆಳಗೆ ಕೊಟ್ಟಿದ್ನಲ್ಲ ಸಾರ್."

"ಅದು ಹಳೇದಾಯ್ತು. ಹೊಸದು ತನ್ನಿ."

"ಯಾಕೆ, ಎರಡು ವರ್ಸಕ್ಕೆ ಕಣ್ಣು ಚಿಗುರ್ತಾವಾ? ಹುಟ್ಟುಗುರುಡಿ ಕಣಯ್ಯಾ ನಾನು!"

ಯೂನಿವರ್ಸಿಟಿಯ ಅಂಗವಿಕಲರ ನೆರವಿನ ಕಚೇರಿಯ ಗುಮಾಸ್ತ ಕಿಟಕಿ ಎಳೆದುಕೊಂಡ. "ಬಡ್ಡೀಮಗ" ಎಂದು ಬೈದು, ವರ್ಲೀನ್ ಟಬ್ಸ್ ಕೋಲು ಕುಟ್ಟುತ್ತ ತನ್ನ ಕಾಫಿ ಅಂಗಡಿಗೆ ವಾಪಸಾದಳು. ಓಹಾಯೊದ ಆ ಯೂನಿವರ್ಸಿಟಿಯಲ್ಲಿ, ಸಮಾಜಶಾಸ್ತ್ರದ ಕಟ್ಟಡದ ಕೆಳಗೆ, ಹನ್ನೊಂದು ವರ್ಷದಿಂದ ಅವಳ ಅಂಗಡಿ. ಲೋಟದ ಅಂಚಿನೊಳಗೆ ಬೆರಳಿಟ್ಟು ಕಾಫಿ ಹುಯ್ಯುತ್ತಾಳೆ. ಬೆರಳು ಸುಟ್ಟರೆ ಲೋಟ ತುಂಬಿತು. ಸುಟ್ಟು ಸುಟ್ಟು ಆ ಬೆರಳು ಜಡ್ಡುಗಟ್ಟಿದೆ.

ಅವಳು ಕೇಳಿದ್ದೇನು ಮಹಾ? ಪ್ರೊಫೆಸರ್ ಹಾಲ್ವರ್ಸನ್ ಒಂದು ಚಳಿಗಾಲವಿಡೀ ಇದೇ ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು ಅವಳ ಬದುಕನ್ನು ಕೆದಕಿ ಕೆದಕಿ ಬರೆದುಕೊಂಡಿದ್ದ. ಅವ್ವ ಬಿಟ್ಟುಹೋದದ್ದು, ಗಂಡ ಒದ್ದದ್ದು, ಎಲ್ಲ ಹೇಳಿದ್ದಳು. ಅದೇ ಈಗ ಕುರುಡರ ದುಡಿಮೆಯ ಮೇಲಿನ ಸಂಶೋಧನೆಯಾಗಿ ಅಚ್ಚಾಗಿ ಬಹುಮಾನ ಹೊಡೆದಿತ್ತು. ತನ್ನ ಬಾಯಲ್ಲಿ ಅವನು ಏನೇನು ಆಡಿಸಿದ್ದಾನೋ ತಿಳಿಯಬೇಕಿತ್ತು ಅವಳಿಗೆ, ಅಷ್ಟೆ. ಅವನು ಕಳಿಸಿದ್ದು ಹಾಳೆಗಳ ಫೋಟೊ. ಅಕ್ಷರ ಓದಿ ಹೇಳುವ ಅವಳ ಲ್ಯಾಪ್‌ಟಾಪಿಗೆ ಫೋಟೊದೊಳಗಿನ ಅಕ್ಷರ ದಕ್ಕುವುದಿಲ್ಲ. ಪುಟಕ್ಕೊಮ್ಮೆ "ಚಿತ್ರ" ಎಂದು ಸುಮ್ಮನಾಗುತ್ತದೆ. ಅದನ್ನು ಅಕ್ಷರಕ್ಕಿಳಿಸಿ ಕೊಡಿ ಎಂದೇ ಅವಳು ಆ ಕಚೇರಿಗೆ ಹೋಗಿದ್ದು.

"ಯಾರ ಕೈಲಾದ್ರೂ ಓದಿಸ್ಕಳಕ್ಕಾ," ಎಂದಳು ನೆಲ ಒರೆಸುವ ಕೊನ್ಸುಯೆಲೊ.

"ನನ್ ಗಂಡ ನನ್ನ ಒದ್ದದ್ನ ಕಂಡೋರ ಬಾಯಲ್ಲಿ ಕೇಳ್ಲೇನೇ?"

ಮಧ್ಯಾಹ್ನ ಹಾಲ್ವರ್ಸನ್ ತಾನೇ ಬಂದ. "ವರ್ಲೀನ್, ನಾಳೆ ನನಗೆ ಸನ್ಮಾನ. ನೀವು ವೇದಿಕೆ ಮೇಲೆ ಎರಡು ಮಾತು ಆಡ್ಬೇಕು. ಥ್ಯಾಂಕ್ಸ್ ಅಂದ್ರೂ ಸಾಕು."

"ಓದ್ದೆ ಏನಂತ ಆಡ್ಲಿ ಸಾರ್? ಅಕ್ಷರ ಇರೋದು ಕೊಡಿ ಅಂತ ಮೂರು ಸಲ ಕೇಳ್ದೆ."

"ಅದು ಆ ಕಚೇರಿಯವರ ಕೆಲಸ ಕಣಮ್ಮ. ನಿಮ್ಮ ಬಗ್ಗೆ ಒಳ್ಳೇದೇ ಬರ್ದಿದೀನಿ, ನಂಬಿ." ನಾಯಿಯ ಬೆನ್ನು ತಟ್ಟಿದ ಹಾಗೆ ಅವಳ ಭುಜ ತಟ್ಟಿ, ಕಾಫಿ ಹಿಡಿದು ಹೋದ.

ಮರುದಿನ ಸಭೆ ತುಂಬಿತ್ತು. ಹಾಲ್ವರ್ಸನ್ನನ ಭಾಷಣಕ್ಕೆ ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಯಾರೋ ವರ್ಲೀನಳ ರಟ್ಟೆ ಹಿಡಿದು ಮೈಕಿನ ಮುಂದೆ ನಿಲ್ಲಿಸಿದರು. ಅವಳು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮೈಕಿಗೆ ಒತ್ತಿ ಇಟ್ಟಳು.

"ಸಾರು ನನ್ ಬಗ್ಗೆ ಒಳ್ಳೇದೇ ಬರ್ದವ್ರಂತೆ. ನಾನಿನ್ನೂ ಓದಿಲ್ಲ. ಎಲ್ರೂ ಸೇರಿ ಓದಾನ."

"ಪುಟ ಒಂದು. ಚಿತ್ರ," ಎಂದಿತು ಲ್ಯಾಪ್‌ಟಾಪ್. "ಪುಟ ಎರಡು. ಚಿತ್ರ."

ಒಂದಿಬ್ಬರು ನಕ್ಕರು. ಐದನೇ ಪುಟಕ್ಕೆ ನಗುವವರು ಯಾರೂ ಇರಲಿಲ್ಲ.

"ಸಾಕು ವರ್ಲೀನ್," ಹಾಲ್ವರ್ಸನ್ ಕಿವಿಯ ಹತ್ತಿರ ಹಲ್ಲು ಕಡಿದ. "ನನ್ನ ಮರ್ಯಾದೆ ಕಳೀತಿದೀಯ."

"ಕೂತ್ಕಳಿ ಸಾರ್. ನಲವತ್ತೆರಡು ಪುಟ ಐತೆ."

ಯಾರೋ ಮೈಕಿನ ವೈರು ಕಿತ್ತರು. ಸಣ್ಣ ದನಿಯಲ್ಲೇ ಲ್ಯಾಪ್‌ಟಾಪ್ ಮುಂದುವರಿಯಿತು. ಜಡ್ಡುಗಟ್ಟಿದ ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ವರ್ಲೀನ್ ನಿಂತೇ ಇದ್ದಳು.

"ಪುಟ ಎಂಟು. ಚಿತ್ರ."